ಗುಡ್ಡದ ಮೇಲಿನ ಎಣಿಕೆ

ಬಂಡೆಪೇಟೆಯ ಗಾಣದ ಮರಿಸಿದ್ದಯ್ಯನಿಗೆ ಭಗವಂತ ಎಲ್ಲವನ್ನೂ ಹಿತಮಿತವಾಗಿ ಕೊಟ್ಟು, ಕೋಪವನ್ನು ಮಾತ್ರ ಕೈ ಜಾರಿ ಸುರಿದುಬಿಟ್ಟಿದ್ದ. ಎತ್ತು ನಿಧಾನವಾಗಿ ನಡೆದರೆ ಕೋಪ, ಬಿರುಸಾಗಿ ನಡೆದರೂ ಕೋಪ. ಸಾರಿಗೆ ಉಪ್ಪು ಕಡಿಮೆಯಾದರೆ ಹೆಂಡತಿಯ ಮೇಲೆ ಕೋಪ; ಉಪ್ಪು ಸರಿಯಾಗಿದ್ದ ದಿನ, ನಿನ್ನೆ ಯಾಕೆ ಹೀಗೆ ಇರಲಿಲ್ಲವೆಂದು ಕೋಪ. ಒಂದು ಸಂತೆಯ ದಿನ ಅವನು ಕೊಡೆ ಬಿಚ್ಚಿದ ಗಳಿಗೆಗೆ ಸರಿಯಾಗಿ ಮಳೆ ನಿಂತಿತು. ಅವನು ಸಂತೆಯ ನಡುವೆ ನಿಂತು, ಆಕಾಶದ ಕಡೆ ಮುಖ ಮಾಡಿ, ಮಳೆರಾಯನಿಗೆ ಬಾಯಿಗೆ ಬಂದಂತೆ ಬೈದು, ನೆತ್ತಿಗೆ ರಕ್ತವೇರಿ, ಮೆಣಸಿನಕಾಯಿಯ ರಾಶಿಯ ಮೇಲೆ ಕುಸಿದು ಕುಳಿತ. ಮಳೆರಾಯನಿಗೆ ಏನೂ ಆಗಲಿಲ್ಲ.

ಹೆಂಡತಿ ಪಟ್ಟಲಮ್ಮ ಅವನನ್ನು ಇದ್ದಿಲು ಹೊಗೆಯ ಬಸ್ಸಿಗೆ ಹತ್ತಿಸಿಕೊಂಡು ಮಂಡ್ಯಕ್ಕೆ ಹೋದಳು. ಅಲ್ಲಿ ಡಾಕ್ಟರು ನಜೀರ್ ಅಹ್ಮದ್ ಅವರು ನಾಡಿ ನೋಡಿ, ಕಣ್ಣು ನೋಡಿ, ತೋಳಿಗೆ ಪಟ್ಟಿ ಕಟ್ಟಿ ಗಾಳಿ ತುಂಬಿ, ಕೊನೆಗೆ ಕೇಳಿದರು.

"ನಿಮ್ಮ ಗಾಣದ ಎತ್ತು ದಿನಕ್ಕೆ ಎಷ್ಟು ಹೊತ್ತು ನಡೆಯುತ್ತೆ?"

"ಬೆಳಗಿಂದ ಬೈಗಿನಗಂಟ ಸುತ್ತುತ್ತೆ ಬುದ್ಧಿ."

"ನೀವು?"

"ನಾನ್ಯಾಕೆ ಸುತ್ತಲಿ? ಎತ್ತೈತಲ್ಲ."

"ಅದಕ್ಕೇ ಎತ್ತು ಗಟ್ಟಿಯಾಗಿದೆ," ಎಂದರು ಡಾಕ್ಟರು. "ನಿಮ್ಮೂರ ಗುಡ್ಡದ ಮೇಲೆ ಪಾರ್ಕು ಮಾಡಿದ್ದಾರಂತಲ್ಲ. ದಿನಾ ಬೆಳಿಗ್ಗೆ ಹತ್ತಿ, ಬೆಂಚಿನ ಮೇಲೆ ಕೂತು, ಊರನ್ನು ನೋಡಿ. ಯಾರ ಮೇಲಾದರೂ ಕೋಪ ಬಂದಿದ್ದರೆ ಬಾಯಿ ತೆರೆಯಬೇಡಿ. ಬೆರಳು ಎತ್ತಿ ಒಂದೊಂದೇ ಮನೆ ತೋರಿಸುತ್ತಾ ನಿಧಾನವಾಗಿ ನೂರರವರೆಗೆ ಎಣಿಸಿ. ಕೋಪ ಇಳಿಯುತ್ತೆ."

"ಬಾಟ್ಲಿ?"

"ಬಾಟ್ಲಿ ಇಲ್ಲ."

ಮರಿಸಿದ್ದಯ್ಯನ ಕಿವಿ ಕೆಂಪಾಯಿತು. ಬಸ್ಸು ಹತ್ತಿ ಮಂಡ್ಯಕ್ಕೆ ಬಂದವನು ಬರಿಗೈಯಲ್ಲಿ ಹೋಗುವುದುಂಟೆ? ಅವನ ಮುಖ ನೋಡಿ ಹೆದರಿದ ಡಾಕ್ಟರು ಅದನ್ನೇ ಇಂಗ್ಲಿಷಿನಲ್ಲಿ ಒಂದು ಚೀಟಿಯ ಮೇಲೆ ಬರೆದು, ಕೆಳಗೆ ಮೊಹರು ಒತ್ತಿ ಕೊಟ್ಟರು. ಮೊಹರು ಕಂಡ ಮೇಲೆ ಅವನಿಗೆ ಇದು ಔಷಧವೇ ಎಂಬ ನಂಬಿಕೆ ಬಂತು. ಚೀಟಿಯನ್ನು ಮಡಿಸಿ ಒಳಜೇಬಿನಲ್ಲಿ ಇಟ್ಟುಕೊಂಡ.

ಆದರೆ ಕೋಪಕ್ಕೆ ಮದ್ದು ತಂದೆನೆಂದು ಊರಿನಲ್ಲಿ ಹೇಳುವುದು ಹೇಗೆ? ಕೆಮ್ಮಿಗೆ ಮದ್ದು ತಂದರೆ ಜನ ಅಯ್ಯೋ ಎನ್ನುತ್ತಾರೆ. ಕೋಪಕ್ಕೆ ತಂದರೆ ಹುಚ್ಚು ಎನ್ನುತ್ತಾರೆ. ಮೈಸೂರಿನ ದೊಡ್ಡ ಅಧಿಕಾರಿಗಳು ಬೆಳಿಗ್ಗೆ 'ಹವಾ ಸೇವನೆ'ಗೆ ಹೋಗುತ್ತಾರೆಂದು ಅವನು ಕೇಳಿದ್ದ. ಸರಿ, ತಾನೂ ಅದಕ್ಕೇ ಹೋಗುವವನೆಂದು ತೀರ್ಮಾನಿಸಿ, ಒಂದು ಜೊತೆ ಬಿಳಿಯ ಕ್ಯಾನ್ವಾಸು ಬೂಟನ್ನೂ ಒಂದು ಬೆತ್ತವನ್ನೂ ಸಂಪಾದಿಸಿದ.

ಮೊದಲನೆಯ ದಿನ ಬೀದಿಗೆ ಇಳಿಯುವಾಗಲೇ ಎದುರಾದವನು ಪಕ್ಕದ ಮನೆಯ ಅಂಕಯ್ಯ. ಇಬ್ಬರೂ ಒಂದೇ ವರ್ಷ ಹುಟ್ಟಿ, ಒಂದೇ ಕೆರೆಯಲ್ಲಿ ಈಜು ಕಲಿತವರು. ಅಂಕಯ್ಯನ ಕೈಯಲ್ಲಿ ಚೊಂಬು ಇತ್ತು.

"ಏನ್ಲಾ ಸಿದ್ದ, ಚೊಂಬೆಲ್ಲಿ?"

"ಚೊಂಬ್ಯಾಕ್ಲಾ?"

"ಇಷ್ಟೊತ್ನಲ್ಲಿ ಗುಡ್ಡದ ಕಡೀಕೆ ಓಯ್ತಾ ಇದ್ದೀಯೆ. ಚೊಂಬಿಲ್ದೆ ಅಲ್ಲೇನ್ ಮಾಡೀಯೆ?"

"ಹವಾ ಸೇವನೆ ಮಾಡ್ತೀನಿ."

"ಅಂಗಂದ್ರೆ?"

"ಗಾಳಿ ತಿನ್ನೋದು ಕಣ್ಲಾ."

"ಗಾಳಿ ನಿನ್ ಮೂಗಿನ ಮುಂದೇ ಐತಲ್ಲೋ, ನಿಂತ್ಕಂಡು ತಿನ್ನು. ಅದ್ಕೆ ಬಿಳೀ ಬೂಟ್ ಬೇರೆ! ಕೊಕ್ಕರೆ ಅಂಗವ್ನೆ ನೋಡು."

ಮರಿಸಿದ್ದಯ್ಯನ ಬಾಯಿಯೊಳಗೆ ಏಳೆಂಟು ಬೈಗುಳಗಳು ಒಟ್ಟಿಗೆ ಬಾಗಿಲಿಗೆ ಬಂದು ನೂಕಾಡಿದವು. ಚೀಟಿಯ ನೆನಪಾಗಿ, ತುಟಿ ಕಚ್ಚಿ, ಗುಡ್ಡದ ದಾರಿ ಹಿಡಿದ.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ಬಸ್ಸಿನವರಿಗೆ ಬಂಡೆಪೇಟೆ ಎಂದರೆ ಆ ಗುಡ್ಡವೇ. ಅದು ಊರಿನ ನೆತ್ತಿಯ ಮೇಲೆಯೇ ಕುಳಿತಿದೆ. ಎರಡು ವರ್ಷದ ಹಿಂದೆ ಊರಿನ ಹಿರಿಯರು ಚಂದಾ ಎತ್ತಿ ಮೇಲೆ ಮಣ್ಣು ಹರಡಿಸಿ, ಕ್ರೋಟನ್ ಗಿಡಗಳನ್ನು ನೆಡಿಸಿ, ನಾಲ್ಕು ಸಿಮೆಂಟಿನ ಬೆಂಚು ಹಾಕಿಸಿ, 'ಹೂವು ಕೀಳಬಾರದು' ಎಂದು ಫಲಕ ನಿಲ್ಲಿಸಿದ್ದರು. ಗಿಡಗಳನ್ನು ಆಡುಗಳು ತಿಂದವು. ಫಲಕ ಉಳಿಯಿತು. ಆಡು ಕಾಯುವವರನ್ನೂ ಸೌದೆಯವರನ್ನೂ ಬಿಟ್ಟರೆ ಅಲ್ಲಿಗೆ ಸುಮ್ಮನೆ ಹತ್ತಿದವನು ಮರಿಸಿದ್ದಯ್ಯನೇ ಮೊದಲಿಗ.

ಏದುಸಿರು ಬಿಡುತ್ತಾ ಬೆಂಚಿನ ಮೇಲೆ ಕುಳಿತ. ಕೆಳಗೆ ಊರು ಹರಡಿತ್ತು. ಹೆಂಚಿನ ಮಾಡು, ಹುಲ್ಲಿನ ಮಾಡು, ಹಿತ್ತಲು, ತಿಪ್ಪೆ, ಬಣವೆ, ಅದರಾಚೆ ನಾಲೆಯ ನೀರು ಹರಿದ ಕಬ್ಬಿನ ಗದ್ದೆಯ ಹಸಿರು. ನೋಡಿದರೆ ಕಣ್ಣು ತಣಿಯಬೇಕು. ಆದರೆ ಅವನ ಕಣ್ಣಿಗೆ ಬಿದ್ದದ್ದು ಅಂಕಯ್ಯನ ಮನೆ. ಕೊಕ್ಕರೆ ಎಂದ ಮಾತು ನೆನಪಾಗಿ ರಕ್ತ ಕುದಿಯಿತು. ಎದ್ದು ನಿಂತು ಬೆರಳು ನೀಡಿದ.

"ಒಂದು! ಎರಡು! ಮೂರು!"

ನಿಧಾನವಾಗಿ ಎಣಿಸಿರೆಂದು ಡಾಕ್ಟರು ಹೇಳಿದ್ದರು. ಮೆಲ್ಲಗೆ ಎಂದು ಹೇಳಿರಲಿಲ್ಲ. ಗುಡ್ಡದ ಬುಡದಲ್ಲೇ ಸೀನೀರಿನ ಬಾವಿ. ಬಂಡೆಗೆ ಬಡಿದ ಅವನ ದನಿ ನೆಟ್ಟಗೆ ಬಾವಿಕಟ್ಟೆಗೆ ಇಳಿಯುತ್ತಿತ್ತು. ಅಲ್ಲಿ ನೀರು ಸೇದುತ್ತಿದ್ದ ರೇವಮ್ಮ ತಲೆ ಎತ್ತಿದಳು. ಬೀದಿಯ ಸುದ್ದಿಯೆಲ್ಲ ಅವಳ ಬಾಯಿಯಿಂದಲೇ ಹೊರಡುತ್ತಿತ್ತು.

"ಚಿಕ್ಕನಂಜಕ್ಕ, ಅದ್ಯಾರು ಮೇಲೆ ಬೆಳ್ಳು ಮಾಡಿ ತೋರುಸ್ತಾ ಇರೋದು?"

"ಗಾಣದೋನು ಕಣವ್ವ. ಏನೋ ಎಣುಸ್ತಾವ್ನೆ."

"ಏನ?"

"ಈಗ ಇಪ್ಪತ್ತೇಳು ಅಂದ. ಬೆಳ್ಳು ನಿನ್ ಇತ್ಲು ಕಡೀಕೇ ಇತ್ತು."

ರೇವಮ್ಮನ ಕೈಯಿಂದ ಹಗ್ಗ ಜಾರಿ ಬಿಂದಿಗೆ ಬಾವಿಯ ತಳ ಸೇರಿತು.

ಅವಳು ಹೆದರಿದ್ದಕ್ಕೆ ಕಾರಣವಿತ್ತು. ಆಗ ಯುದ್ಧದ ನಾಲ್ಕನೆಯ ವರ್ಷ. ಬೆಳೆದ ರಾಗಿಯಲ್ಲಿ ಮನೆಗೆ ಇಷ್ಟು, ಉಳಿದದ್ದೆಲ್ಲ ಸರ್ಕಾರಕ್ಕೆ ಅಳೆಯುವ ಲೆವಿಗೆ ಎಂದು ಕಟ್ಟಳೆ ಬಂದಿತ್ತು. ನಮ್ಮ ಸೀಮೆಯ ಜನ ರಾಗಿಯನ್ನು ಹಗೇವಿನಲ್ಲಿ ಇಡುವವರು. ಹಗೇವು ಎಂದರೆ ಹಿತ್ತಲಿನ ನೆಲದಲ್ಲಿ ತೋಡಿದ ಆಳವಾದ ಗುಂಡಿ. ಬಾಯಿ ಕಿರಿದು, ಹೊಟ್ಟೆ ಅಗಲ. ರಾಗಿ ತುಂಬಿ, ಹುಲ್ಲು ಹೊದಿಸಿ, ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡದು. ಲೆವಿ ಬಂದ ಮೇಲೆ ಎಲ್ಲರೂ ಅದರ ಮೇಲೊಂದು ತಿಪ್ಪೆ ಒಟ್ಟಿ, ಹಗೇವೇ ಇಲ್ಲವೆಂದು ದೇವರ ಮೇಲೆ ಆಣೆ ಇಟ್ಟಿದ್ದರು. ದೇವರು ಸುಮ್ಮನಿದ್ದ. ಮಕ್ಕಳ ಹೊಟ್ಟೆಯ ವಿಷಯದಲ್ಲಿ ಅವನು ಇಂಥವನ್ನು ಕ್ಷಮಿಸುತ್ತಾನೆ.

ಸಂಜೆ ಕಾಫಿ ಹೋಟೆಲಿನಲ್ಲಿ ಮರಿಸಿದ್ದಯ್ಯ ಬೆತ್ತವನ್ನು ಮೇಜಿನ ಮೇಲಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದ.

"ಮೇಲಿಂದ ನೋಡಿದ್ರೆ ಊರು ಅಂಗೈ ಮೇಲಿಟ್ಟಂಗೆ ಕಾಣ್ತದೆ. ಯಾರ ಇತ್ಲಲ್ಲಿ ಏನೈತೆ, ಒಂದೂ ಮುಚ್ಚಿಡಕ್ಕಾಗಕಿಲ್ಲ!"

ಬೋಂಡ ಬಾಯಿಗೆ ಇಡುತ್ತಿದ್ದವನು ಅಲ್ಲೇ ನಿಲ್ಲಿಸಿದ. ಮೂಲೆಯಲ್ಲಿದ್ದ ಅಂಕಯ್ಯ ಲೋಟ ಕೆಳಗಿಟ್ಟ.

"ಯಾರ್ಲಾ ನಿಂಗೆ ನೋಡು ಅಂದೋರು?"

"ಮಂಡ್ಯದಲ್ಲಿ ದೊಡ್ಡೋರು ಹೇಳವ್ರೆ," ಎಂದ ಮರಿಸಿದ್ದಯ್ಯ ಗತ್ತಿನಿಂದ. "ಬಾಯಲ್ಲಲ್ಲ, ಬರ್ದೇ ಕೊಟ್ಟವ್ರೆ. ಇಂಗ್ಲಿಷ್ನಲ್ಲಿ. ಮೊಹರು ಹಾಕಿ." ಒಳಜೇಬನ್ನು ಎರಡು ಸಲ ತಟ್ಟಿದ.

ತನ್ನ ಮಾತಿಗೆ ಜನ ಬೆರಗಾದರೆಂದು ಅವನು ತಿಳಿದ. ಜನ ಬೆರಗಾದದ್ದೇನೋ ನಿಜ.

ಮರುದಿನ ಗುಡ್ಡ ಹತ್ತಿ ನೋಡಿದರೆ ಊರು ಬದಲಾಗಿತ್ತು. ರೇವಮ್ಮನ ಮನೆಯ ಹಿಂದಿದ್ದ ತಿಪ್ಪೆ ಮುಂದಕ್ಕೆ ಬಂದಿತ್ತು. ಯಾರದೋ ಬಣವೆ ಬಚ್ಚಲಿನ ಪಕ್ಕಕ್ಕೆ ನಡೆದುಕೊಂಡು ಹೋಗಿತ್ತು. ಮೂರನೆಯ ದಿನ ತಿಪ್ಪೆ ಮತ್ತೆ ಹಿಂದಕ್ಕೆ ಹೋಗಿ, ಒಂದರ ಪಕ್ಕ ಎರಡಾಗಿತ್ತು. ನೆತ್ತಿಗೇರಿದ ರಕ್ತ ಕಣ್ಣಿಗೂ ಇಳಿಯಿತೋ ಏನೋ ಎಂದು ಮರಿಸಿದ್ದಯ್ಯನಿಗೆ ಭಯವಾಯಿತು. ಭಯವಾದದ್ದಕ್ಕೆ ಕೋಪ ಬಂತು. ಕೋಪ ಬಂದದ್ದಕ್ಕೆ ಎಣಿಸಿದ. ಕೆಳಗೆ ಬಾವಿಕಟ್ಟೆಯಲ್ಲಿ, "ಇವತ್ತು ಎಲ್ಡು ಸಲ ನೂರು ಎಣುಸ್ದ ಕಣಮ್ಮೋ!" ಎಂದು ರೇವಮ್ಮ ಎದೆ ಬಡಿದುಕೊಂಡಳು.

ನಾಲ್ಕನೆಯ ದಿನ ಕ್ಷೌರದ ಚಿಕ್ಕಮಾದು ಬಂದ. ಬಲಗೆನ್ನೆ ಮುಗಿಸಿ, ಕತ್ತಿಯನ್ನು ಮಸೆಯುತ್ತಾ ಕೇಳಿದ.

"ಅಣ್ಣೋ, ನನ್ನ ಗುಡ್ಲು ಎಷ್ಟನೇದು?"

"ಏನು ಎಷ್ಟನೇದ್ಲಾ?"

"ನಿನ್ನ ಎಣಿಕೇಲಿ. ಬಡವ ಕಣಣ್ಣ, ನನ್ ಬುಟ್ಬುಡು. ಬೇಕಾದ್ರೆ ಅಂಕಯ್ಯಂದು ತೋರ್ಸು, ದೊಡ್ಡದೈತೆ."

"ಏನ್ ತೋರ್ಸಲೋ? ಬಾಯಿ ಮುಚ್ಕಂಡು ಕೆರೀಲಾ!"

ಚಿಕ್ಕಮಾದು ಕತ್ತಿ ಮಡಿಸಿ, ಸಾಮಾನಿನ ಪೆಟ್ಟಿಗೆ ಎತ್ತಿಕೊಂಡು, "ಊರಿಗೇ ಕತ್ತಿ ಹಾಕೋನಿಗೆ ನಂದ್ಯಾಕೆ?" ಎಂದು ಹೊರಟೇಹೋದ. ಎಡಗೆನ್ನೆ ಹಾಗೆಯೇ ಉಳಿಯಿತು. ಮರಿಸಿದ್ದಯ್ಯ ಒಂದು ಕಡೆಯಿಂದ ನೋಡಿದರೆ ಮದುವೆಗೆ ಹೊರಟವನಂತೆಯೂ ಇನ್ನೊಂದು ಕಡೆಯಿಂದ ಸೂತಕದವನಂತೆಯೂ ಕಾಣುತ್ತಿದ್ದ.

ಅದೇ ಹೊತ್ತಿಗೆ ಪಟ್ಟಲಮ್ಮ ಖಾಲಿ ಬಿಂದಿಗೆಯೊಂದಿಗೆ ಬಂದಳು. ಬಿಂದಿಗೆಯನ್ನು ಅವನ ಕಾಲ ಬಳಿ ಕುಕ್ಕಿದಳು.

"ನೀರಿಲ್ಲ. ಬಾವೀಲಿ ಹಗ್ಗ ಮುಟ್ಟಗೊಡ್ಲಿಲ್ಲ. ಚಾಡಿಕೋರನ ಹೆಂಡ್ತಿ ಅಂದ್ರು. ಮೂವತ್ತು ವರ್ಸ ನಿನ್ನ ಕೋಪ ಉಂಡು ಬಾಳ್ದೆ, ಯಾರೂ ಇಂಗನ್ನಲಿಲ್ಲ. ಇವಾಗ ಅಂದ್ರು. ಗುಡ್ಡದ ಮೇಲೆ ಕೂತು ಊರಿನ ಹಗೇವ ಎಣಿಸಿ ಲೆವಿಯೋರಿಗೆ ಬರ್ದು ಕೊಡ್ತೀಯಂತೆ!"

ಮರಿಸಿದ್ದಯ್ಯನಿಗೆ ಆಗ ಎಲ್ಲ ಅರ್ಥವಾಯಿತು. ನಿಜ ಹೇಳಿಬಿಡೋಣವೆಂದು ಹೊಸಲಿಗೆ ಬಂದ. ಅಂಕಯ್ಯ ಬೇಲಿಯ ಆಚೆ ನಿಂತಿದ್ದ.

"ಲೇ ಅಂಕ, ನಾನು ಎಣಿಸ್ತಿದ್ದುದು..."

"ನಿನ್ನ ಮಾತು ಬ್ಯಾಡ," ಎಂದ ಅಂಕಯ್ಯ. "ಬೇರೆ ಯಾರದ್ದಾದ್ರೂ ತೋರುಸ್ಕೊ. ನನ್ನ ಇತ್ಲಿಗೆ ಒಬ್ಬ ಗುದ್ದಲಿ ಇಟ್ನೋ, ಅವತ್ತಿಗೆ ನಿನ್ನ ಮನೆಗೂ ನನ್ನ ಮನೆಗೂ ಬೆಂಕಿ ನೀರು ಇಲ್ಲ. ನನ್ನ ಹೆಣಕ್ಕೂ ನೀನು ಬರಬ್ಯಾಡ."

ಅಂಕಯ್ಯ ಒಳಗೆ ಹೋಗಿ, ಅರ್ಧ ಬೋಳಿಸಿದ ಆ ಮುಖಕ್ಕೆ ಎದುರಾಗಿ ಬಾಗಿಲು ಹಾಕಿಕೊಂಡ. ಐವತ್ತೆರಡು ವರ್ಷದ ಸ್ನೇಹ. ಮರಿಸಿದ್ದಯ್ಯನಿಗೆ ಬಂದ ಕೋಪಕ್ಕೆ ಊರಿನ ಮನೆಗಳೆಲ್ಲ ಸಾಲುತ್ತಿರಲಿಲ್ಲ.

ಸುದ್ದಿಗೆ ಕಾಲು ನಾಲ್ಕು. ಬಂಡೆಪೇಟೆಯಲ್ಲಿ ಹಗೇವುಗಳ ಲೆಕ್ಕ ಬಲ್ಲವನೊಬ್ಬನಿದ್ದಾನೆಂಬ ಮಾತು ಲೆವಿಯ ಶೇಖದಾರರ ಕಿವಿಗೂ ಬಿತ್ತು. ಅವರು ಹೊಸಬರು, ಚುರುಕಿನವರು. ಗುಮಾಸ್ತನನ್ನೂ ಗುದ್ದಲಿಯ ಇಬ್ಬರು ಆಳುಗಳನ್ನೂ ಕರೆದುಕೊಂಡು ಬಂದು, ಛತ್ರದಲ್ಲಿ ಬಿಡಾರ ಹೂಡಿ, ಮರಿಸಿದ್ದಯ್ಯನನ್ನು ಕರೆಸಿದರು.

"ಏನಯ್ಯಾ, ಸರ್ಕಾರಕ್ಕೆ ಸಹಾಯ ಮಾಡುತ್ತಿದ್ದೀಯಂತೆ. ಬಹಳ ಸಂತೋಷ."

"ನಾನು ಯಾರಿಗೂ ಸಹಾಯ ಮಾಡಕಿಲ್ಲ ಸ್ವಾಮಿ."

"ನಾಚಿಕೆ ಬೇಡ. ನಡೆ ಗುಡ್ಡಕ್ಕೆ. ನೀನು ತೋರಿಸು, ನಾವು ಅಗೆಯುತ್ತೇವೆ. ತೋರಿಸದಿದ್ದರೆ ಬಚ್ಚಿಟ್ಟವರ ಜೊತೆ ನಿನ್ನ ಹೆಸರನ್ನೂ ಬರೆಯುತ್ತೇವೆ."

ಶೇಖದಾರರು ಮುಂದೆ, ಮರಿಸಿದ್ದಯ್ಯ ಅವರ ಹಿಂದೆ, ಪುಸ್ತಕ ಹಿಡಿದ ಗುಮಾಸ್ತ ಅವನ ಹಿಂದೆ, ಅವನ ಹಿಂದೆ ಇಡೀ ಬಂಡೆಪೇಟೆ. ಪಾರ್ಕು ಮಾಡಿಸಿದ ಹಿರಿಯರು ಜನ ಬರುವುದಿಲ್ಲವೆಂದು ಎರಡು ವರ್ಷ ಕೊರಗಿದ್ದರು. ಆ ದಿನ ನಿಲ್ಲಲು ಜಾಗವಿರಲಿಲ್ಲ. ಕೋಲೂರಿಕೊಂಡು ಮುದುಕಿಯರೂ ಬಂದಿದ್ದರು. ಅಂಕಯ್ಯ ಜನರ ನಡುವೆ ಬೂದಿಯಂಥ ಮುಖ ಹೊತ್ತು ನಿಂತಿದ್ದ.

"ಹೂಂ, ತೋರಿಸು," ಎಂದರು ಶೇಖದಾರರು.

ಮರಿಸಿದ್ದಯ್ಯ ಸುತ್ತಲೂ ನೋಡಿದ. ಚಾಡಿಕೋರನೆಂದ ರೇವಮ್ಮ, ಅರ್ಧಕ್ಕೆ ಬಿಟ್ಟ ಚಿಕ್ಕಮಾದು, ಹೆಣಕ್ಕೂ ಬರಬೇಡವೆಂದ ಅಂಕಯ್ಯ, ಎಲ್ಲರಿಗಿಂತ ಮುಂದೆ ಬೆತ್ತದಂತೆ ನೆಟ್ಟಗೆ ನಿಂತ ಈ ಸಾಹೇಬ. ಕಾಲಿನ ಬೆರಳಿನಿಂದ ಕೋಪ ಹತ್ತಿತು. ಬಾಯಿ ತೆರೆದು ಬೈದರೆ ಜೈಲು, ಇಲ್ಲವೇ ನೆತ್ತಿಗೆ ರಕ್ತವೇರಿ ಸಾವು. ಉಳಿದಿದ್ದು ಒಂದೇ ದಾರಿ. ಬೆರಳು ನೀಡಿದ.

"ಒಂದು!"

ಗುಮಾಸ್ತ ಬೆರಳು ಹೋದ ಕಡೆ ನೋಡಿ ಬರೆದುಕೊಂಡ.

"ಎರಡು! ಮೂರು! ನಾಲ್ಕು!"

ಬೆರಳು ಮನೆಗಳ ಮೇಲೆ ಹರಿಯಿತು, ಮನೆಗಳು ಮುಗಿದವು, ಎಣಿಕೆ ಮುಗಿಯಲಿಲ್ಲ. ಬೆರಳು ಶಾಲೆಯ ಮೇಲೆ ಹೋಯಿತು. ಕೆರೆಯ ನಡುವೆ ಹೋಯಿತು. ಸ್ಮಶಾನದಲ್ಲಿ ಮೂರು ಸಲ ನಿಂತಿತು. ಛತ್ರದ ಮೇಲೆ, ಶೇಖದಾರರ ಸಾಮಾನಿನ ಗಾಡಿಯ ಮೇಲೆ ಸುಳಿದು, ಕೊನೆಗೆ ಮಳವಳ್ಳಿಯ ರಸ್ತೆಯಲ್ಲಿ ಹೊಗೆ ಬಿಡುತ್ತಾ ಬರುತ್ತಿದ್ದ ಬಸ್ಸಿನ ಮೇಲೆ ಕುಳಿತು, "ನೂರು!" ಎಂದಿತು.

"ಒಟ್ಟು ನೂರು ಹಗೇವು ಸ್ವಾಮಿ," ಎಂದ ಗುಮಾಸ್ತ. "ಅದರಲ್ಲಿ ಒಂದು ಚಲಿಸುತ್ತಾ ಇದೆ."

"ಏನಯ್ಯಾ ಇದು!" ಎಂದು ಶೇಖದಾರರು ಗರ್ಜಿಸಿದರು.

"ಹಗೇವಲ್ಲ ಸ್ವಾಮಿ. ಔಷಧ." ಮರಿಸಿದ್ದಯ್ಯ ಒಳಜೇಬಿನಿಂದ ಚೀಟಿ ತೆಗೆದು ಅವರ ಮುಖಕ್ಕೆ ಹಿಡಿದ.

ಶೇಖದಾರರು ಓದಿದರು. ಇನ್ನೊಂದು ಸಲ ಓದಿದರು. ಗುಮಾಸ್ತನ ಕೈಗೆ ಕೊಟ್ಟು, ಎಲ್ಲರಿಗೂ ಕೇಳುವಂತೆ ಕನ್ನಡದಲ್ಲಿ ಹೇಳೆಂದರು. ಗುಮಾಸ್ತ ಗಂಟಲು ಸರಿಪಡಿಸಿಕೊಂಡು ಕೂಗಿದ. "ಈ ಮನುಷ್ಯನಿಗೆ ವಿಪರೀತ ಕೋಪವುಂಟು. ಇವನು ದಿನವೂ ಗುಡ್ಡ ಹತ್ತತಕ್ಕದ್ದು. ಕೋಪ ಬಂದಾಗ ಮಾತನಾಡದೆ, ಮನೆಗಳನ್ನು ತೋರಿಸುತ್ತಾ ನೂರು ಎಣಿಸತಕ್ಕದ್ದು. ನಜೀರ್ ಅಹ್ಮದ್, ಮಂಡ್ಯ."

ರೇವಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಚಿಕ್ಕಮಾದು ಫಲಕವನ್ನು ಹಿಡಿದುಕೊಂಡು ನಕ್ಕ. "ಹವಾ ಸೇವನೆಯಂತೆ ಕಣ್ಲಾ!" ಎಂದು ಯಾರೋ ಕೂಗಿದರು. ಇಡೀ ಗುಡ್ಡ ನಕ್ಕಿತು.

"ಹಾಗಾದರೆ ಈಗ ಯಾಕಯ್ಯಾ ಎಣಿಸಿದೆ?" ಎಂದರು ಶೇಖದಾರರು ಹಲ್ಲು ಕಡಿಯುತ್ತಾ. "ಈಗ ನಿನಗೆ ಯಾರ ಮೇಲೆ ಕೋಪ?"

"ನಿಮ್ಮ ಮೇಲೇ ಸ್ವಾಮಿ," ಎಂದ ಮರಿಸಿದ್ದಯ್ಯ ವಿನಯದಿಂದ.

ಶೇಖದಾರರ ಮುಖ ಬೀಟ್‌ರೂಟಿನಂತಾಯಿತು. ಗುಮಾಸ್ತ ಒಳ್ಳೆಯ ಮನಸ್ಸಿನಿಂದಲೇ ಅವರ ಕಿವಿಯ ಬಳಿ ಬಗ್ಗಿ, "ಸ್ವಾಮಿ, ತಾವೂ ಒಂದು ನೂರು ಎಣಿಸಿದರೆ..." ಎಂದ. ಪುಸ್ತಕದಲ್ಲಿ ನೂರು ಹಗೇವು ಶಾಯಿಯಲ್ಲಿ ಬರೆದಾಗಿತ್ತು. ಮೇಲಿನವರು ನೋಡಿ ಕೆರೆಯನ್ನೂ ಬಸ್ಸನ್ನೂ ಅಗೆದಿರಾ ಎಂದು ಕೇಳಿದರೆ ಏನು ಹೇಳುವುದು? ಶೇಖದಾರರು ಆ ಹಾಳೆಯನ್ನು ಹರಿದು, 'ಬಂಡೆಪೇಟೆಯ ತಪಾಸಣೆ ಮುಗಿಯಿತು' ಎಂದು ಹೊಸದಾಗಿ ಬರೆಸಿ, ಮಧ್ಯಾಹ್ನದ ಊಟಕ್ಕೂ ನಿಲ್ಲದೆ ಮದ್ದೂರಿನ ಕಡೆ ಹೊರಟುಹೋದರು. ಬರುವ ಸುಗ್ಗಿಯವರೆಗೆ ಈ ಕಡೆ ತಲೆ ಹಾಕುವುದಿಲ್ಲವೆಂದು ಗುಮಾಸ್ತ ಹೋಗುವಾಗ ಗುಟ್ಟಾಗಿ ಹೇಳಿದ.

ಊರಿನ ಮನಸ್ಸು ಕರಗಿತು. ಪಟ್ಟಲಮ್ಮನ ಬಿಂದಿಗೆಗೆ ರೇವಮ್ಮನೇ ನೀರು ಸೇದಿ ಹಾಕಿದಳು. ಚಿಕ್ಕಮಾದು ಬಂದು ಎಡಗೆನ್ನೆ ಮುಗಿಸಿದ. ಅಂಕಯ್ಯ ಮಾತ್ರ ಬರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಬಂದ. "ಬಾ ಇಲ್ಲಿ," ಎಂದಷ್ಟೇ ಹೇಳಿ ತನ್ನ ಹಿತ್ತಲಿಗೆ ಕರೆದುಕೊಂಡು ಹೋದ. ಹಗೇವು ತೆರೆಯುವಾಗ ಮನೆಯವರ ಹೊರತು ಯಾರನ್ನೂ ಕರೆಯುವ ಪದ್ಧತಿಯಿಲ್ಲ. ಅಂಕಯ್ಯ ತಿಪ್ಪೆಯನ್ನು ಸರಿಸಿ, ಮಣ್ಣು ಕೆದಕಿ, ಚಪ್ಪಡಿ ಜರುಗಿಸಿದ. ಹಗ್ಗಕ್ಕೆ ಕಟ್ಟಿದ ದೀಪವನ್ನು ಮರಿಸಿದ್ದಯ್ಯನ ಕೈಗೆ ಕೊಟ್ಟು, "ಇಳಿಸು," ಎಂದ. ತುಂಬಿದ ಹಗೇವಿನ ಗಾಳಿ ವಿಷ. ದೀಪ ಆರಿದರೆ ಇಳಿಯಬಾರದು.

ದೀಪ ಆರಲಿಲ್ಲ. ಇಳಿಯಿತು, ಇನ್ನೂ ಇಳಿಯಿತು, ತಳ ಮುಟ್ಟಿ ಚೆನ್ನಾಗಿ ಉರಿಯಿತು. ತಳದಲ್ಲಿ ಒಂದು ಹಿಡಿ ಹೊಟ್ಟು ಬಿದ್ದಿತ್ತು.

"ಎಲ್ಲೋಯ್ತಲಾ ರಾಗಿ?"

"ಜಯಲಕ್ಷ್ಮಿ ಹಾಸಿಗೆ ಹಿಡಿದ್ಲಲ್ಲ, ಆವಾಗ ತೆಗ್ದೆ," ಎಂದ ಅಂಕಯ್ಯ. ಎರಡು ವರ್ಷದ ಹಿಂದೆ ಹೆಂಡತಿ ತೀರಿಕೊಂಡ ಮೇಲೆ ಅವನು ಆ ಹೆಸರು ಹೇಳಿದ್ದು ಅದೇ ಮೊದಲು. "ಮೈಸೂರಿಗೂ ಕರ್ಕಂಡೋದೆ. ರಾಗೀನೂ ಓಯ್ತು, ಅವ್ಳೂ ಓದ್ಲು. ಮಗನಿಗೆ ಹೊಳಲಿಂದ ಹೆಣ್ಣು ಬತ್ತಾ ಐತೆ. ಹಗೇವು ಎಷ್ಟು ಅಂತ ಕೇಳಿ ಹೆಣ್ಣು ಕೊಡೋ ಜನ ಕಣ್ಲಾ ಅವ್ರು. ತುಂಬೈತೆ ಅಂದಿದ್ದೆ. ಗುದ್ದಲಿ ಬಿದ್ದಿದ್ರೆ..."

ಮರಿಸಿದ್ದಯ್ಯ ದೀಪವನ್ನು ಮೇಲಕ್ಕೆ ಎಳೆದುಕೊಂಡ. ಅವನ ಕಿವಿ ಕೆಂಪಾಯಿತು, ಕತ್ತು ಕೆಂಪಾಯಿತು, ಹಣೆಯ ನರ ಹುರಿಗಟ್ಟಿತು.

"ಥೂ ನಿನ್ನ!" ಎಂದು ಅವನು ಕೂಗಿದ ಕೂಗಿಗೆ ಬೇಲಿಯ ಮೇಲಿನ ಕಾಗೆಗಳು ಹಾರಿದವು. "ಪಕ್ಕದ ಮನೇಲಿ ನಾನಿದ್ದೆ ಕಣೋ! ಬಾಯಿ ಸತ್ತಿತ್ತೇನ್ಲಾ ನಿಂಗೆ? ಎರಡು ವರ್ಸ ಏನ್ ತಿಂದ್ಯೋ? ಒಂದು ಮಾತು ಹೇಳಕ್ಕಾಗಲಿಲ್ವೇನ್ಲಾ ಪಾಪಿ!"

ಬೀದಿಗೆ ಬೀದಿಯೇ ಓಡಿ ಬಂತು. ರೇವಮ್ಮ ಬೇಲಿಯ ಮೇಲೆ ಕತ್ತು ಚಾಚಿದಳು. "ಏನಾಯ್ತು ಸಿದ್ದಣ್ಣ? ಏನೈತೆ ಅಲ್ಲಿ?"

ಮರಿಸಿದ್ದಯ್ಯ ತಿರುಗಿದ. ಬಿಳಿಯ ಬೂಟಿನ ಕಾಲಿನಿಂದ ಚಪ್ಪಡಿಯನ್ನು ಹಗೇವಿನ ಬಾಯಿಗೆ ಧಡಾರೆಂದು ನೂಕಿ, ಅದರ ಮೇಲೆ ಎರಡು ಕಾಲೂರಿ ನಿಂತುಕೊಂಡ.

"ನೋಡ್ರವ್ವ ಈ ಜೀನನ್ನ!" ಎಂದು ಅರಚಿದ. "ಬಾಯಿಗಂಟ ರಾಗಿ ತುಂಬ್ಕಂಡವ್ನೆ! ಬೆಳ್ಳು ಹಾಕಕ್ಕೆ ಜಾಗ ಇಲ್ಲ! ಒಂದು ಸೇರು ಕೊಡ್ಲಾ ಅಂದ್ರೆ ಕೊಡಕಿಲ್ಲ ಅಂತಾನೆ!"

ಅಂಕಯ್ಯ ಒಂದು ಗಳಿಗೆ ಅವನನ್ನೇ ನೋಡಿದ. ತೋಳಿನಿಂದ ಕಣ್ಣು ಒರೆಸಿಕೊಂಡ. ಆಮೇಲೆ ಸೊಂಟಕ್ಕೆ ಕೈಯಿಟ್ಟು, ಹೊಳಲಿಗೂ ಕೇಳಿಸುವಂತೆ ಕೂಗಿದ.

"ಕೊಡಕಿಲ್ಲ ಕಣ್ಲಾ! ಏನ್ ಮಾಡ್ಕತೀಯೋ ಮಾಡ್ಕೊ ಓಗು!"